ಅಜ್ಜನ ಕ್ಯಾಮರಾ ಮತ್ತು ಮಿಂಚಿನ ದೀಪ

ನಮ್ಮ ಅಜ್ಜ ಕುಷ್ಟಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಕನ್ನಡ ಸಾಲಿಯ ಮಾಸ್ತರರಾಗಿದ್ದರು. ಅವರಿಗಿದ್ದ ಹುಚ್ಚುಗಳು ಎರಡೇ. ಒಂದು ಎಲೆ ಅಡಿಕೆ, ಇನ್ನೊಂದು ಛಾಯಾಚಿತ್ರ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸ ಮುಗಿಯುತ್ತ ಬಂದಾಗ ಮುನಿರಾಬಾದಿನಿಂದ ತಮ್ಮ ಊರಿಗೆ ಹೊರಟು ನಿಂತ ಒಬ್ಬ ನೌಕರರಿಂದ ಅವರು ಒಂದು ಹಳೆಯ ಜರ್ಮನ್ ಕ್ಯಾಮರಾವನ್ನು ಕೊಂಡರೆಂದು ಮನೆಯಲ್ಲಿ ಹೇಳುತ್ತಾರೆ. ಎಷ್ಟಕ್ಕೆ ಕೊಂಡರೆಂಬುದನ್ನು ಮಾತ್ರ ಅವರು ಯಾರಿಗೂ ಹೇಳಲಿಲ್ಲವಂತೆ. ಅಜ್ಜ ತೀರಿಕೊಂಡ ಮೇಲೆ ಅದು ಅಟ್ಟ ಸೇರಿತು. ಕಳೆದ ವರ್ಷ ದೀಪಾವಳಿಗೆ ಮನೆಯನ್ನು ಸಾರಿಸುವಾಗ ನನ್ನ ಕೈಗೆ ಬಂದಿತು. ಅದರ ಜೊತೆಗೆ ಒಂದು ತಗಡಿನ ಡಬ್ಬಿಯಲ್ಲಿ ಅರವತ್ತಮೂರು ನೆಗೆಟಿವ್‌ಗಳೂ ಸಿಕ್ಕವು.

ಆ ನೆಗೆಟಿವ್‌ಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ತೇರು, ಆನೆಗೊಂದಿಯ ಕಡೆಯ ಬಂಡೆಗಳು, ಹರಿಗೋಲು, ಕಟ್ಟೆಯ ಮೇಲೆ ಕುಳಿತ ಹಿರಿಯರು, ಎತ್ತುಗಳು, ಸಾಲಿಯ ಹುಡುಗರ ಸಾಲು ಎಲ್ಲವೂ ಇದ್ದವು. ಇಟಗಿಯ ಮಹಾದೇವ ದೇವಾಲಯದ್ದೇ ಆರು ಚಿತ್ರಗಳಿದ್ದವು. ಹಿಂದೆ ಯಲಬುರ್ಗಾ ತಾಲೂಕಿನಲ್ಲಿದ್ದು ಈಗ ಕುಕನೂರು ತಾಲೂಕಿಗೆ ಸೇರಿರುವ ಆ ಗುಡಿಯನ್ನು 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು ನಮಗೆಲ್ಲ ಗೊತ್ತಿರುವ ಸಂಗತಿ. ಹೊರಗಿನ ಕೆತ್ತನೆಯ ಐದು ಚಿತ್ರಗಳು ಕೂದಲೆಳೆಯಷ್ಟು ಸ್ಪಷ್ಟವಾಗಿದ್ದವು. ಆರನೆಯದು ಒಳಗಿನದ್ದಿರಬೇಕು; ಅದರಲ್ಲಿ ಏನೂ ಮೂಡಿರಲಿಲ್ಲ.

ಅರವತ್ತಮೂರರಲ್ಲಿ ಒಂದೂ ಮನೆಯೊಳಗಿನ ಚಿತ್ರವಿರಲಿಲ್ಲ. ನಾವು ಅಮ್ಮ ಎಂದು ಕರೆಯುವ ನಮ್ಮ ಅಜ್ಜಿ ಒಂದರಲ್ಲೂ ಇರಲಿಲ್ಲ. ತಪ್ಪು, ಒಂದರಲ್ಲಿ ಇದ್ದಳು. ನಮ್ಮ ಮನೆಯ ಮುಂದೆ ಎತ್ತಿನ ಜೋಡಿ ನಿಂತಿರುವ ಚಿತ್ರವೊಂದರ ಅಂಚಿನಲ್ಲಿ ತಲೆಬಾಗಿಲ ಚೌಕಟ್ಟನ್ನು ಹಿಡಿದ ಒಂದು ಕೈ, ಕೈತುಂಬ ಬಳೆ. ಅದು ಅಮ್ಮನ ಕೈ ಎಂದು ಅವ್ವ ಗುರುತಿಸಿದಳು.

ಅಮ್ಮನಿಗೆ ಈಗ ಎಂಬತ್ತೆಂಟು. ಅವಳದೆಂದು ಮನೆಯಲ್ಲಿರುವ ಚಿತ್ರ ಆಧಾರ್ ಕಾರ್ಡಿನದೊಂದೇ; ಅದನ್ನು ಕಂಡರೆ ಅವಳಿಗೆ ಆಗುವುದಿಲ್ಲ. ಮೊಬೈಲಿನಲ್ಲಿ ನಾನು ತೆಗೆದಿದ್ದ ಹತ್ತಾರು ಚಿತ್ರಗಳು ಆ ಮೊಬೈಲಿನ ಜೊತೆಗೇ ಹೋದವು. ಅಜ್ಜನ ಕ್ಯಾಮರಾದಿಂದಲೇ ಅವಳದೊಂದು ಚಿತ್ರ ತೆಗೆಯಬೇಕೆಂದು ನನಗೆ ಹಟ ಹುಟ್ಟಿತು. ಅಂಗಳಕ್ಕೆ ಬಾ ಎಂದೆ. "ಕಣ್ಣಿನ ಆಪರೇಶನ್ ಆದಾಗಿಂದ ಬಿಸಲು ತಡಿಯಂಗಿಲ್ಲೋ ತಮ್ಮಾ. ನಿಮ್ಮಜ್ಜ ಇದ್ದಾಗನ ನಾ ಹೊರಗ ನಿಂತು ಫೋಟೋ ತಗಸಲಿಲ್ಲ, ಈಗೇನು ತಗಸೂದು?" ಎಂದಳು. ಒಳಗೆ ಕೂತರೆ ಅಡ್ಡಿಯಿಲ್ಲವಂತೆ. ಹೀಗೆ ಹುಟ್ಟಿದ ಸಮಸ್ಯೆಯನ್ನು ಬಿಡಿಸಲು ನನಗೆ ಒಂಬತ್ತು ತಿಂಗಳು ಹಿಡಿಯಿತು. ಹಳೆಯ ಕ್ಯಾಮರಾ ಮನೆಯಲ್ಲಿರುವ ಮಿತ್ರರಿಗೆ ಉಪಯೋಗವಾದೀತೆಂದು ಅದನ್ನಿಲ್ಲಿ ವಿವರಿಸುತ್ತೇನೆ.

ಮೊದಲು ಬೆಳಕಿನ ಲೆಕ್ಕ. ಸಾಮಾನ್ಯ 100 ಐಎಸ್‌ಒ ಫಿಲ್ಮಿಗೆ ನಮ್ಮ ಭಾಗದ ಚೊಕ್ಕ ಬಿಸಿಲಿನಲ್ಲಿ 16ರ ರಂಧ್ರ, ಸೆಕೆಂಡಿನ ನೂರನೆಯ ಒಂದು ಭಾಗ ಸಾಕು. ಆದರೆ ದಪ್ಪ ಮಣ್ಣಿನ ಗೋಡೆ, ಮೇಲೊಂದು ಬೆಳಕಿಂಡಿ ಇರುವ ನಮ್ಮ ಪಡಸಾಲೆಯ ಮೂಲೆಯಲ್ಲಿ ಬೆಳಕು ಅದಕ್ಕಿಂತ ಸುಮಾರು ಎರಡು ಸಾವಿರ ಪಟ್ಟು ಕಡಿಮೆ. ಕಣ್ಣಿಗೆ ಇದು ತಿಳಿಯುವುದಿಲ್ಲ, ಏಕೆಂದರೆ ಕಣ್ಣು ತಾನಾಗಿ ಹೊಂದಿಕೊಳ್ಳುತ್ತದೆ. ಫಿಲ್ಮು ಹೊಂದಿಕೊಳ್ಳುವುದಿಲ್ಲ. ಅಲ್ಲಿ 8ರ ರಂಧ್ರವಿಟ್ಟರೆ ಐದು ಸೆಕೆಂಡು ಶಟರ್ ತೆರೆದಿರಬೇಕು. ಕಂಬಕ್ಕಾದರೆ ಐದು ಸೆಕೆಂಡು ಏನೂ ಅಲ್ಲ. ಮನುಷ್ಯರಿಗೆ, ಅದರಲ್ಲೂ ತಲೆ ಸಣ್ಣಗೆ ನಡುಗುವ ಮುದುಕಿಗೆ, ಅದು ಬಹಳ ದೊಡ್ಡ ಕಾಲ. ಅಜ್ಜ ಅಮ್ಮನನ್ನು ಮರೆತಿದ್ದರೆಂದು ನಾನು ತಿಳಿದಿದ್ದೆ. ಈ ಲೆಕ್ಕ ಮಾಡಿದ ಮೇಲೆ ಹಾಗೆ ಹೇಳುವ ಧೈರ್ಯ ನನಗಿಲ್ಲ.

ಇದು ಅಜ್ಜನೊಬ್ಬರ ಕಷ್ಟವೂ ಅಲ್ಲ. ನಮ್ಮ ಹೊಳೆಯಾಚೆಯ ಹಂಪೆಯನ್ನು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದಿಟ್ಟ. ಅಲ್ಲಿ ಇರುವುದೆಲ್ಲ ಬಿಸಿಲಿಗೆ ನಿಂತ ಕಲ್ಲು. ಇನ್ನು ಪಡದೆಯ ಮರೆಯ ಹೆಂಗಸರ ಪ್ರಶ್ನೆಗೆ ನಮ್ಮ ಪ್ರಾಂತ ನಿಜಾಮರ ಕೈಯಲ್ಲಿದ್ದ ಕಾಲದಲ್ಲೇ ಒಂದು ಉತ್ತರ ಹುಟ್ಟಿತ್ತು. ನಿಜಾಮರ ಆಸ್ಥಾನದ ಛಾಯಾಗ್ರಾಹಕ ಲಾಲಾ ದೀನ್‌ದಯಾಳರು 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಒಂದು ಜನಾನಾ ಸ್ಟುಡಿಯೋ ತೆರೆದು ಅದನ್ನು ಒಬ್ಬ ಆಂಗ್ಲ ಮಹಿಳೆಯ ಕೈಗೆ ಒಪ್ಪಿಸಿದರು. ಅಲ್ಲಿ ಬೆಳಕಿದ್ದ ಜಾಗಕ್ಕೆ ಹೆಂಗಸರು ಬರಬೇಕಿತ್ತು. ಕುಷ್ಟಗಿ, ಯಲಬುರ್ಗಾದ ಯಾವ ರೈತನ ಹೆಂಡತಿ ಅಲ್ಲಿಗೆ ಹೋಗಿದ್ದಾಳು?

ಬೆಳಕನ್ನೇ ಮನುಷ್ಯರಿದ್ದಲ್ಲಿಗೆ ಒಯ್ಯುವ ಯತ್ನವೂ ಹಳೆಯದೇ. ಮೆಗ್ನೀಸಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟು ಬೆರೆಸಿ ಉರಿಸುವ ಮಿಂಚುಪುಡಿಯನ್ನು 1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಎಂಬಿಬ್ಬರು ತಂದರು. ಅದು ಮದ್ದಿನಂತೆಯೇ, ಹೊಗೆಯೂ ಅಷ್ಟೇ, ಅಪಾಯವೂ ಅಷ್ಟೇ. 1929ರ ಹೊತ್ತಿಗೆ ಗಾಜಿನ ಬುರುಡೆಯೊಳಗೆ ಲೋಹದ ತೆಳುಹಾಳೆ ಉರಿಯುವ ಫ್ಲ್ಯಾಷ್ ಬಲ್ಬು ಬಂದಿತು. ಒಂದು ಬಲ್ಬಿಗೆ ಒಂದೇ ಚಿತ್ರ. 1931ರಲ್ಲಿ ಅಮೆರಿಕೆಯ ಎಂ.ಐ.ಟಿ.ಯಲ್ಲಿ ಹೆರಾಲ್ಡ್ ಎಡ್ಜರ್ಟನ್ ಎಂಬವರು ಅನಿಲ ತುಂಬಿದ ಕೊಳವೆಯಲ್ಲಿ ವಿದ್ಯುತ್ತನ್ನು ಹಾಯಿಸಿ ಮತ್ತೆ ಮತ್ತೆ ಮಿಂಚಿಸುವ ದೀಪವನ್ನು ಬಳಕೆಗೆ ತಂದರು. ಇಂದಿನ ಎಲೆಕ್ಟ್ರಾನಿಕ್ ಫ್ಲ್ಯಾಷು ಅದರ ವಂಶದ್ದೇ.

ಅದರ ಒಳಗುಟ್ಟು ಕಠಿಣವಲ್ಲ. ನಾಲ್ಕು ಪೆನ್ಸಿಲ್ ಸೆಲ್ಲುಗಳ ಆರು ವೋಲ್ಟನ್ನು ಒಂದು ಸಣ್ಣ ಮಂಡಲ ಸುಮಾರು ಮುನ್ನೂರು ವೋಲ್ಟಿಗೆ ಏರಿಸಿ ಕೆಪಾಸಿಟರಿನಲ್ಲಿ ಕೂಡಿಡುತ್ತದೆ. ಸ್ವಿಚ್ಚು ಹಾಕಿದೊಡನೆ ಸೊಳ್ಳೆಯಂತೆ ಕೇಳಿಬರುವ ಸಿಳ್ಳು ಈ ಏರಿಕೆಯ ಸದ್ದು. ಜೆನಾನ್ ಅನಿಲ ತುಂಬಿದ ಗಾಜಿನ ಕೊಳವೆ ಆ ಮುನ್ನೂರು ವೋಲ್ಟಿಗೆ ಜಗ್ಗುವುದಿಲ್ಲ. ಅದರ ಮೈಗೆ ಕೆಲವು ಸಾವಿರ ವೋಲ್ಟಿನ ಒಂದು ಚಿಟಿಕೆ ಕೊಟ್ಟರೆ ಮಾತ್ರ ಅನಿಲ ದಾರಿ ಬಿಡುತ್ತದೆ. ಕೂಡಿಟ್ಟಿದ್ದೆಲ್ಲ ಒಮ್ಮೆಲೇ ಸುರಿದು ಬೆಳಕಾಗುತ್ತದೆ. ಇಷ್ಟೂ ಮುಗಿಯುವುದು ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿ. ಆ ಚಿಟಿಕೆಯನ್ನು ಕೊಡಲು ಬೇಕಾದದ್ದು ಎರಡು ತಂತಿಗಳು ಒಂದಕ್ಕೊಂದು ತಾಗುವುದಷ್ಟೆ. ಹೊಸ ಕ್ಯಾಮರಾಗಳಲ್ಲಿ ಶಟರ್ ತೆರೆದ ಗಳಿಗೆಗೆ ಸರಿಯಾಗಿ ಆ ತಂತಿಗಳನ್ನು ತಾಗಿಸುವ ವ್ಯವಸ್ಥೆಯಿರುತ್ತದೆ. ಅಜ್ಜನ ಕ್ಯಾಮರಾದಲ್ಲಿ ಅದಿಲ್ಲ.

ಈಗ ಆ ಕ್ಯಾಮರಾದ ವಿಷಯ. ಅದು ಪುಸ್ತಕದಂತೆ ಮಡಚುವ ಜಾತಿಯದು. ಮುಚ್ಚಳ ಬಿಚ್ಚಿದರೆ ಕರಿ ತೊಗಲಿನ ತಿದಿಯ ತುದಿಯಲ್ಲಿ ಮಸೂರ ಮುಂದೆ ಬರುತ್ತದೆ. 120 ಅಳತೆಯ ಫಿಲ್ಮು. ಕೋಡಕ್ ಕಂಪನಿ 1901ರಲ್ಲಿ ತನ್ನ ಬ್ರೌನಿ ಕ್ಯಾಮರಾಕ್ಕೆಂದು ತಂದ ಈ ಅಳತೆ ಇಂದಿಗೂ ದೊರೆಯುವುದು ನಮ್ಮ ಪುಣ್ಯ. ಒಂದು ಸುರುಳಿಗೆ ಎಂಟೇ ಚಿತ್ರ. ಮಸೂರದ ಅತಿ ದೊಡ್ಡ ರಂಧ್ರ 6.3. ಶಟರಿನ ವೇಗ 25, 50, 100. ಜೊತೆಗೆ ಒತ್ತಿ ಹಿಡಿದಷ್ಟು ಹೊತ್ತು ತೆರೆದಿರುವ 'ಬಿ'. ಮಸೂರದ ನಡುವೆ ಕುಳಿತ ಮೂರು ಉಕ್ಕಿನ ಎಲೆಗಳೇ ಶಟರು. ಒಂದು ತೆಳು ಉಂಗುರ ಸ್ವಲ್ಪ ತಿರುಗಿದರೆ ಎಲೆಗಳು ಅಗಲುತ್ತವೆ, ಹಿಂದಿರುಗಿದರೆ ಕೂಡುತ್ತವೆ. ತಿದಿಯ ಮಡಿಕೆಗಳಲ್ಲಿ ತೂತುಗಳಿದ್ದವು. ಕತ್ತಲೆ ಕೋಣೆಯಲ್ಲಿ ಒಳಗೆ ಬ್ಯಾಟರಿ ಹಚ್ಚಿ ಹುಡುಕಿ, ಕರಿ ಬಟ್ಟೆಯ ಚೂರು ಅಂಟಿಸಿ ಮುಚ್ಚಿದೆ.

ಏನನ್ನೂ ಬಿಚ್ಚದೆ ಫ್ಲ್ಯಾಷು ಬಳಸುವ ಒಂದು ಉಪಾಯ ಮಿಂಚುಪುಡಿಯ ಕಾಲದಿಂದಲೂ ಇದೆ. ಕೋಣೆಯನ್ನು ಕತ್ತಲೆ ಮಾಡಿ, ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, 'ಬಿ'ಯಲ್ಲಿ ಶಟರ್ ತೆರೆದು, ಇನ್ನೊಂದು ಕೈಯಿಂದ ಫ್ಲ್ಯಾಷಿನ ಬೆನ್ನಿಗಿರುವ ಗುಂಡಿಯನ್ನು ಒತ್ತಿ, ಶಟರ್ ಮುಚ್ಚುವುದು. ಗೆಳೆಯನೊಬ್ಬನ ಹತ್ತಿರ ಫ್ಲ್ಯಾಷು ಇಸಿದುಕೊಂಡು ಮೊದಲ ಸುರುಳಿಯನ್ನು ಹೀಗೆಯೇ ತೆಗೆದೆ. ಸ್ನಾನದ ಮನೆಯಲ್ಲಿ ನಾನೇ ತೊಳೆದು ನೋಡಿದರೆ ಎಂಟರಲ್ಲಿಯೂ ಅಮ್ಮನಿಗೆ ಎರಡೆರಡು ಮುಖ! ಕಾರಣ ಸರಳವಾದದ್ದು. ಕತ್ತಲೆ ಎಂದರೆ ಅಮ್ಮನಿಗೆ ಅಂಜಿಕೆ; ತಲೆಬಾಗಿಲನ್ನು ಅರ್ಧ ತೆರೆದಿಟ್ಟಿದ್ದೆವು. ಫ್ಲ್ಯಾಷು ಕ್ಷಣಾರ್ಧದಲ್ಲಿ ಒಂದು ಮುಖ ಬರೆಯಿತು, ಶಟರ್ ತೆರೆದಿದ್ದ ಎರಡು ಸೆಕೆಂಡಿನಲ್ಲಿ ಬಾಗಿಲ ಬೆಳಕು ನಡುಗುವ ಇನ್ನೊಂದು ಮುಖ ಬರೆಯಿತು. ಜಡವಸ್ತುಗಳಿಗೆ ಈ ಉಪಾಯ ಉತ್ತಮ. ಇಟಗಿಯ ಗುಡಿಯೊಳಗೆ ಅಜ್ಜನಿಗೆ ಇದು ಒದಗಿದ್ದರೆ ಆರನೆಯ ಚಿತ್ರವೂ ಬರುತ್ತಿತ್ತು.

ಆದ್ದರಿಂದ ಶಟರ್ 'ಬಿ'ಯಲ್ಲಿರಬಾರದು, ನೂರರಲ್ಲೇ ಓಡಬೇಕು. ಆಗ ಬಾಗಿಲ ಬೆಳಕಿಗೆ ಬರೆಯಲು ಪುರಸತ್ತೇ ಸಿಗುವುದಿಲ್ಲ. ಸೆಕೆಂಡಿನ ನೂರನೆಯ ಭಾಗದೊಳಗೆ ಮನುಷ್ಯನ ಬೆರಳು ಫ್ಲ್ಯಾಷಿನ ಗುಂಡಿ ಒತ್ತಲಾರದು. ಹಾಗಾದರೆ ಶಟರೇ ಒತ್ತಬೇಕು. ಕಲಾ ವಿಭಾಗದ ವಿದ್ಯಾರ್ಥಿಯಾದ ನನಗೆ ವಿದ್ಯುತ್ತಿನ ಪಾಠ ಹತ್ತನೆಯ ಇಯತ್ತೆಗೇ ಮುಗಿದಿತ್ತು. ಆದಕಾರಣ ಇಬ್ಬರ ಆಶ್ರಯ ಪಡೆದೆ. ಒಬ್ಬರು ಗಂಗಾವತಿಯಲ್ಲಿ ಟೀವಿ ರಿಪೇರಿ ಮಾಡುವ ನನ್ನ ಸೋದರಮಾವ, ಇನ್ನೊಬ್ಬರು ಕೊಪ್ಪಳದಲ್ಲಿ ಕೈಗಡಿಯಾರ ರಿಪೇರಿ ಮಾಡುವ ಒಬ್ಬ ಹಿರಿಯರು. ಕ್ಯಾಮರಾಕ್ಕೆ ತೂತು ಕೊರೆಯುವುದಕ್ಕೆ ಗಡಿಯಾರದ ಕಾಕಾ ಒಪ್ಪಲೇ ಇಲ್ಲ. ಎಂಬತ್ತು ತೊಂಬತ್ತು ವರ್ಷದ ವಸ್ತುವಿಗೆ ಹೊಸ ಗಾಯ ಮಾಡಬಾರದೆಂಬುದು ಅವರ ಮತ; ನನಗೂ ಅದು ಸರಿಯೆನಿಸಿತು. ಶಟರಿನ ಪಕ್ಕದಲ್ಲಿ ಎಂದೋ ಉದುರಿಹೋದ ಒಂದು ತಿರುಪಿನ ತೂತು ಖಾಲಿ ಇತ್ತು. ಅದರೊಳಗಿಂದ ತಂತಿ ತರುವುದೆಂದು ಗೊತ್ತಾಯಿತು.

ಕೆಲಸ ಇಷ್ಟೆ. ಮಾವ ಒಂದು ಹಾಳಾದ ರಿಲೇಯಿಂದ ಕೂದಲಿನಂತೆ ಬಳುಕುವ ತೆಳುವಾದ ಕಂಚಿನ ಪಟ್ಟಿಯೊಂದನ್ನು ಬಿಡಿಸಿಕೊಟ್ಟರು. ಎಲೆಗಳನ್ನು ಅಗಲಿಸುವ ಉಂಗುರ ತನ್ನ ಓಟದ ಕೊನೆಗೆ ಬಂದಾಗ ಅದರ ಮೂಗು ಈ ಪಟ್ಟಿಗೆ ತಾಗಬೇಕು. ಪಟ್ಟಿ ಕ್ಯಾಮರಾದ ಲೋಹಕ್ಕೆ ಬೇರೆಲ್ಲೂ ತಾಗಬಾರದು. ಅದಕ್ಕೆ ಕೆಳಗೆ ಹಳೆಯ ಎಕ್ಸ್‌ರೇ ಫಿಲ್ಮಿನ ಒಂದು ಚೂರನ್ನು ಕತ್ತರಿಸಿ ಹಾಸಿದೆವು. ಪಟ್ಟಿಯಿಂದ ಒಂದು ತಂತಿ, ಶಟರಿನ ಮೈಯಿಂದ ಇನ್ನೊಂದು ತಂತಿ, ಎರಡೂ ಫ್ಲ್ಯಾಷಿಗೆ. ಉಂಗುರದ ಮೇಲಿನ ಹಳೆಯ ಎಣ್ಣೆಯ ಜಿಡ್ಡನ್ನು ಕಾಕಾ ತಮ್ಮ ಗಡಿಯಾರದ ಪೆಟ್ರೋಲಿನಿಂದ ತೊಳೆದರು. ಜಿಡ್ಡಿದ್ದರೆ ವಿದ್ಯುತ್ತು ಹರಿಯುವುದಿಲ್ಲ, ಎಲೆಗಳೂ ಅಂಟುತ್ತವೆ. ಆಮೇಲೆ ಮಾವನ ಮೀಟರು ಹಚ್ಚಿ ನೋಡಿದೆವು. 'ಬಿ'ಯಲ್ಲಿ ಒತ್ತಿ ಹಿಡಿದರೆ ಮೀಟರು ಕೂಗಿತು, ಬಿಟ್ಟರೆ ಸುಮ್ಮನಾಯಿತು. ಕೆಲಸ ಗೆದ್ದಿತೆಂದು ಮೂವರೂ ಚಹಾ ಕುಡಿದೆವು.

ಎರಡನೆಯ ಸುರುಳಿಯಲ್ಲಿ ಎಂಟಕ್ಕೆ ಎಂಟೂ ಗಾಜಿನಷ್ಟು ತೆಳು. ಅಮ್ಮನ ಬಿಳಿ ಕೂದಲಿನ ಗೆರೆಯೊಂದು ಬಿಟ್ಟರೆ ಏನೂ ಇಲ್ಲ.

ಈ ಸೋಲಿನ ಕಾರಣವನ್ನು ಹುಡುಕಲು ನನಗೆ ಎರಡು ವಾರ ಬೇಕಾಯಿತು. ಇಡೀ ಪ್ರಯತ್ನದಲ್ಲಿ ನಾನು ಕಲಿತ ಮುಖ್ಯ ವಿಷಯ ಇದೇ ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೀಟರು ಕೂಗಿದರೆ ಪಟ್ಟಿ ತಾಗಿದೆ ಎಂದಷ್ಟೇ ಅರ್ಥ. ಯಾವಾಗ ತಾಗಿತು ಎಂಬುದನ್ನು ಅದು ಹೇಳುವುದಿಲ್ಲ. ನಮ್ಮ ಪಟ್ಟಿ ತುಸು ಮುಂದಕ್ಕೆ ಬಾಗಿತ್ತು. ಎಲೆಗಳು ಅಗಲಲು ಆರಂಭಿಸಿದ ಕೂಡಲೆ ಉಂಗುರ ಅದಕ್ಕೆ ತಾಗಿ, ಹಾಗೆಯೇ ಒತ್ತಿಕೊಂಡು ಕೊನೆಯವರೆಗೆ ಹೋಗುತ್ತಿತ್ತು. ಹಳೆಯ ಫ್ಲ್ಯಾಷ್ ಬಲ್ಬಾಗಿದ್ದರೆ ಇದು ಒಂದು ವೇಳೆ ನಡೆಯುತ್ತಿತ್ತೋ ಏನೋ. ವಿದ್ಯುತ್ತು ಹರಿದ ಮೇಲೆ ಅದು ತುಂಬ ಪ್ರಕಾಶಕ್ಕೆ ಬರಲು ಸೆಕೆಂಡಿನ ಐವತ್ತನೆಯ ಭಾಗದಷ್ಟು ಕಾಲ ಹಿಡಿಯುತ್ತದೆ. ಆ ಬಲ್ಬಿಗಾಗಿ ಮೊದಲೇ ತಾಗುವ ಕ್ಯಾಮರಾಗಳ ಮೇಲೆ 'ಎಂ' ಎಂದೂ, ಪೂರ್ತಿ ತೆರೆದಾಗ ತಾಗುವವುಗಳ ಮೇಲೆ 'ಎಕ್ಸ್' ಎಂದೂ ಗುರುತಿರುತ್ತದೆ. ಎಲೆಕ್ಟ್ರಾನಿಕ್ ಫ್ಲ್ಯಾಷು ಕಾಯುವ ಜಾತಿಯದಲ್ಲ, ತಾಗಿದೊಡನೆ ಮಿಂಚಿ ಮುಗಿಯುತ್ತದೆ. ನಮ್ಮ ಎಲೆಗಳು ಸೂಜಿಯಷ್ಟು ತೆರೆದಿದ್ದಾಗಲೇ ಅದು ಮುಗಿದುಹೋಗಿತ್ತು.

ಹಾಗಿದ್ದರೆ ಚಿತ್ರದ ನಡುವೆ ಒಂದು ಚುಕ್ಕೆಯಷ್ಟಾದರೂ ಚೆನ್ನಾಗಿ ಮೂಡಬೇಕಿತ್ತಲ್ಲ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಇಲ್ಲ. ಎಲೆಗಳು ಮಸೂರದ ನಡುವೆಯೇ ಇರುವುದರಿಂದ ಅರ್ಧ ತೆರೆದ ಎಲೆಗಳು ಸಣ್ಣ ರಂಧ್ರದಂತೆ ವರ್ತಿಸುತ್ತವೆ. ಚಿತ್ರ ಪೂರ್ತಿ ಬೀಳುತ್ತದೆ, ಬೆಳಕು ಮಾತ್ರ ಸಾಲುವುದಿಲ್ಲ. ಫಿಲ್ಮಿನ ಮುಂದೆಯೇ ಪರದೆ ಓಡುವ ಬೇರೆ ಜಾತಿಯ ಕ್ಯಾಮರಾಗಳಲ್ಲಾದರೆ ಚಿತ್ರದ ಒಂದು ಪಟ್ಟಿ ಮೂಡಿ ಉಳಿದದ್ದು ಕಾಣದಾಗುತ್ತದೆ. ತೆಳು ನೆಗೆಟಿವ್ ಕಂಡು ನಾನು ಫ್ಲ್ಯಾಷೇ ದುರ್ಬಲವೆಂದು ತಿಳಿದು ಮೋಸಹೋದದ್ದು ಹೀಗೆ.

ತಾಗುವ ಗಳಿಗೆಯನ್ನು ಪರೀಕ್ಷಿಸುವ ಬಗೆ ಫಿಲ್ಮಿನ ಖರ್ಚಿಲ್ಲದ್ದು. ಕ್ಯಾಮರಾದ ಬೆನ್ನು ತೆರೆದು, ಫಿಲ್ಮು ಹಾಕದೆ, ಸಂಜೆ ಮಬ್ಬಿನಲ್ಲಿ ಬಿಳಿ ಗೋಡೆಗೆ ಮುಖಮಾಡಿ ಹಿಡಿಯಿರಿ. ಫ್ಲ್ಯಾಷು ಗೋಡೆಯ ಕಡೆಗಿರಲಿ, ಕಣ್ಣಿನ ಕಡೆಗೆ ಬೇಡ. ಹಿಂದಿನಿಂದ ಮಸೂರದೊಳಗೆ ನೋಡುತ್ತ ಶಟರ್ ಒತ್ತಿ. ಮಿಂಚಿನಲ್ಲಿ ಎಲೆಗಳು ಆ ಗಳಿಗೆಗೆ ಹೇಗಿದ್ದವೋ ಹಾಗೆಯೇ ನಿಂತಂತೆ ಕಾಣುತ್ತವೆ. ಮೂರು ಮೂಲೆಯ ಸಣ್ಣ ನಕ್ಷತ್ರ ಕಂಡರೆ ಮುಂಚೆ ತಾಗಿದೆ ಅಥವಾ ತಡವಾಗಿದೆ. ತುಂಬು ಚಂದ್ರನಂಥ ದುಂಡು ಕಂಡರೆ ಸರಿ. ನಮಗೆ ಕಂಡದ್ದು ನಕ್ಷತ್ರ. ಕಾಕಾ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಚಿಮುಟದಿಂದ ಪಟ್ಟಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಬಾಗಿಸುವುದು, ನಾನು ನೋಡುವುದು; ಹನ್ನೊಂದನೆಯ ಸಲ ಚಂದ್ರ ಮೂಡಿದ. ಖಾತ್ರಿಗಾಗಿ ಮತ್ತೆ ಇಪ್ಪತ್ತು ಸಲ ಒತ್ತಿ ನೋಡಿದೆವು.

ಇಲ್ಲಿ ಒಂದು ಎಚ್ಚರಿಕೆ. ಈ ಪರೀಕ್ಷೆಯ ನಡುವೆ ಇಸಿದು ತಂದ ಫ್ಲ್ಯಾಷು ಕೆಟ್ಟಿತೆಂದು ಮಾವ ತಮ್ಮ ಅಂಗಡಿಯಲ್ಲಿದ್ದ ಒಂದು ಬಹಳ ಹಳೆಯದನ್ನು ಕೊಟ್ಟರು. ಅದನ್ನು ಜೋಡಿಸಿ ಕ್ಯಾಮರಾ ಎತ್ತಿದರೆ ಮೊಳಕೈವರೆಗೆ ಜುಂ ಎಂದಿತು. ಕ್ಯಾಮರಾ ಬೀಳದೆ ಉಳಿದದ್ದೇ ಹೆಚ್ಚು. ಅಳೆದಾಗ ಅದರ ಎರಡು ತಂತಿಗಳ ನಡುವೆ ಇನ್ನೂರಿಪ್ಪತ್ತು ವೋಲ್ಟು! ಈಚಿನ ಫ್ಲ್ಯಾಷುಗಳಲ್ಲಿ ಅಲ್ಲಿ ಕೆಲವೇ ವೋಲ್ಟು ಇರುತ್ತದೆ. ನಮ್ಮ ಜೋಡಣೆಯಲ್ಲಿ ಕ್ಯಾಮರಾದ ಮೈಯೇ ಒಂದು ತಂತಿಯಾದ್ದರಿಂದ ಆ ಹಳೆಯದು ಕೈಗೂ ಕೆಟ್ಟದ್ದು, ತೆಳು ಪಟ್ಟಿಯನ್ನೂ ಸುಡುತ್ತದೆ. ಮೀಟರಿನಿಂದ ಅಳೆಯದೆ ಯಾವ ಫ್ಲ್ಯಾಷನ್ನೂ ಜೋಡಿಸಬೇಡಿ. ಫ್ಲ್ಯಾಷನ್ನು ಬಿಚ್ಚುವ ಸಾಹಸವಂತೂ ಬೇಡವೇ ಬೇಡ. ಸೆಲ್ಲು ತೆಗೆದ ಮೇಲೂ ಕೆಪಾಸಿಟರಿನಲ್ಲಿ ಪ್ರಾಣಕ್ಕೆ ಎರವಾಗುವಷ್ಟು ಕೂಡಿಟ್ಟಿರುತ್ತದೆ. ಕಡೆಗೆ ಆರು ವೋಲ್ಟಿನದೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡೆ.

ಅಷ್ಟರಲ್ಲಿ ಶ್ರಾವಣ ಬಂದಿತು. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಳು. ಪಡಸಾಲೆಗೂ ಬರಲಾಗದೆ ಒಳಕೋಣೆಯ ಹೊರಸಿನ ಮೇಲೆಯೇ ಉಳಿದಳು. ಆ ಕೋಣೆಗೆ ಬೆಳಕಿಂಡಿಯೂ ಇಲ್ಲ. "ನಿನ್ನ ಡಬ್ಬಿ ಇನ್ನೂ ರಿಪೇರಿ ಆಗಿಲ್ಲೇನು?" ಎಂದು ಅವಳೇ ಕೇಳತೊಡಗಿದಾಗ ನನಗೆ ನಿದ್ದೆ ಹತ್ತದಂತಾಯಿತು.

ಉಳಿದದ್ದು ಬೆಳಕಿನ ಅಳತೆ. ಪ್ರತಿ ಫ್ಲ್ಯಾಷಿಗೂ ಗೈಡ್ ನಂಬರ್ ಎಂಬುದೊಂದು ಇರುತ್ತದೆ. ಅದನ್ನು ಮೀಟರಿನ ದೂರದಿಂದ ಭಾಗಿಸಿದರೆ ಇಡಬೇಕಾದ ರಂಧ್ರ ಸಿಗುತ್ತದೆ. ನನ್ನದರ ಸಂಖ್ಯೆ 100 ಐಎಸ್‌ಒ ಫಿಲ್ಮಿಗೆ 20. ಎರಡೂವರೆ ಮೀಟರಿಗೆ 8 ಬಂದಿತು. ದೂರ ಇಮ್ಮಡಿಸಿದರೆ ಬೆಳಕು ಕಾಲುಭಾಗವಾಗುತ್ತದೆ, ರಂಧ್ರದ ಸಂಖ್ಯೆ ಅರ್ಧವಾದರೆ ಬೆಳಕು ನಾಲ್ಮಡಿಯಾಗುತ್ತದೆ. ಒಂದಕ್ಕೊಂದು ಸರಿಹೋಗುವುದರಿಂದ ಲೆಕ್ಕ ಇಷ್ಟು ಸುಲಭ. ಬರಿಯ ಫ್ಲ್ಯಾಷು ಮುದಿ ಮುಖದ ಮೇಲೆ ಸುಣ್ಣ ಬಳಿದಂತೆ ಬೀಳುತ್ತದೆ. ಆದ್ದರಿಂದ ಅಜ್ಜನ ಒಂದು ಬಿಳಿ ಧೋತರವನ್ನು ಒಂದೇ ಪದರು ಅಡ್ಡ ಕಟ್ಟಿದೆ. ಅದು ಅರ್ಧ ಬೆಳಕನ್ನು ನುಂಗಿತೆಂದು ಹಿಡಿದರೆ ಸಂಖ್ಯೆ 14 ಆಯಿತು. ಎರಡು ಮೀಟರಿಗೆ 7. ಮಣ್ಣಿನ ಗೋಡೆ ಬೆಳಕನ್ನು ತಿರುಗಿಸಿ ಕೊಡುವುದಿಲ್ಲವೆಂದು ಪೂರ್ತಿ 6.3ಕ್ಕೇ ತೆರೆದೆ. ಅಷ್ಟು ತೆರೆದಾಗ ಸ್ಪಷ್ಟವಾಗಿ ಮೂಡುವ ಆಳ ಒಂದು ಗೇಣಿನ ಮೇಲೆ ಚೂರು ಮಾತ್ರ. ಈ ಕ್ಯಾಮರಾದಲ್ಲಿ ದೂರವನ್ನು ಕಣ್ಣಳತೆಯಿಂದ ಇಡಬೇಕು. ನಾನು ಕಣ್ಣನ್ನು ನಂಬದೆ ಎರಡು ಮೀಟರಿನ ದಾರಕ್ಕೆ ಗಂಟು ಹಾಕಿ, ಮಸೂರದಿಂದ ಅಮ್ಮನ ಹಣೆಯವರೆಗೆ ಎಳೆದು ನೋಡಿದೆ. "ಬಟ್ಟಿ ಹೊಲ್ಯಾಂವ ಅಳತಿ ತಗೊಂಡಂಗ ತಗೋತಾನ" ಎಂದು ಅಮ್ಮ ನಕ್ಕಳು. ನಕ್ಕಾಗಲೇ ಒತ್ತಿದೆ.

ಎಂಟರಲ್ಲಿ ಆರು ಚೆನ್ನಾಗಿ ಬಂದವು. ಒಂದರಲ್ಲಿ ಫ್ಲ್ಯಾಷಿಗೆ ಇನ್ನೂ ತುಂಬಿರಲಿಲ್ಲ, ಇನ್ನೊಂದರಲ್ಲಿ ಫಿಲ್ಮು ಸುತ್ತುವುದನ್ನೇ ಮರೆತು ಆರನೆಯದರ ಮೇಲೆ ಏಳನೆಯದನ್ನು ತೆಗೆಯಹೊರಟು ಕಡೆಯ ಗಳಿಗೆಗೆ ನೆನಪಾಗಿ ಅವಸರದಲ್ಲಿ ಕೈ ನಡುಗಿತು. ನಗುವ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಒಯ್ದು ಅಮ್ಮನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ತನ್ನ ಮುಖದ ಬಗ್ಗೆ ಏನೂ ಹೇಳಲಿಲ್ಲ. ಹಿಂದಿನ ಗೋಡೆಯ ಮೇಲೆ ಬೆರಳಿಟ್ಟು, "ಈ ಗೂಡು ಕಾಣತೈತಿ ನೋಡು. ನಿಮ್ಮಜ್ಜ ಈ ಡಬ್ಬಿ ಇಲ್ಲೇ ಇಡತಿದ್ದ" ಎಂದಳು.